ತೆಳುಗೋಡೆಯ ಲೆಕ್ಕ

ಎತ್ತರ 24 ಅಡಿ, ದಪ್ಪ ಐದಿಂಚಿಗೂ ಕಡಿಮೆ. ಇಂಥ ಕಾಂಕ್ರೀಟ್ ಗೋಡೆ ಬೇಕೆಂದರೆ ನಮ್ಮ ಮೇಸ್ತ್ರಿ ಕರಣೆ ಕೆಳಗಿಟ್ಟು ಹೊರಟೇಬಿಟ್ಟಾನು. ಕ್ಯಾಲಿಫೋರ್ನಿಯಾದ ಇರ್ವಿಂಡೇಲ್‌ನಲ್ಲಿ 1980ರ ದಶಕದ ಆರಂಭದಲ್ಲಿ ಎಂಜಿನಿಯರುಗಳು ನಿಲ್ಲಿಸಿ ಪರೀಕ್ಷಿಸಿದ್ದು ಇಂಥವನ್ನೇ. ಕಾಂಕ್ರೀಟ್, ಬ್ಲಾಕ್, ಇಟ್ಟಿಗೆ ಮೂರೂ ಬಗೆಯವು ಅಲ್ಲಿದ್ದವು. ಎಲ್ಲದರೊಳಗೂ ಕಂಬಿ ಇತ್ತು. ಗೋಡೆಯ ಎತ್ತರ ದಪ್ಪದ 25 ಪಟ್ಟು ಮೀರಬಾರದು ಎಂಬುದು ಅಲ್ಲಿಯವರೆಗಿನ ರೂಢಿಯ ನಿಯಮ. ಇಲ್ಲಿ ಅದು 60ರವರೆಗೂ ಹೋಗಿತ್ತು.

ತಲೆಯ ಮೇಲೆ ತೂಕ ಹೇರಿ, ಬೆನ್ನಿಗೆ ಗಾಳಿಚೀಲ ಕೊಟ್ಟು ಒತ್ತಿದರು. ಗೋಡೆಗಳು ಬಿರುಕು ಬಿಟ್ಟವು, ಬಿಲ್ಲಿನಂತೆ ಬಾಗಿದವು. ಆದರೆ ಸಮತೋಲ ತಪ್ಪಿ ಕುಸಿಯುವ ಲಕ್ಷಣ ತೋರಲಿಲ್ಲ.

ತೆಳುಗೋಡೆಯ ನಿಜವಾದ ಅಪಾಯ ಬಾಗುವುದರಲ್ಲಿಲ್ಲ, ಬಾಗಿದ ಮೇಲೆ ಏನಾಗುತ್ತದೆ ಎಂಬುದರಲ್ಲಿದೆ. ನಡು ಹೊರಗೆ ಸರಿದರೆ ಚಾವಣಿಯ ಭಾರ ಗೋಡೆಯ ನಡುರೇಖೆ ತಪ್ಪುತ್ತದೆ. ಆ ಭಾರವೇ ಇನ್ನಷ್ಟು ಬಾಗಿಸುತ್ತದೆ. ಎಂಜಿನಿಯರುಗಳು ಇದನ್ನು 'ಪಿ-ಡೆಲ್ಟಾ' ಎನ್ನುತ್ತಾರೆ. ಬಿರುಕು ಬಿಟ್ಟ ಗೋಡೆಯ ಬಿಗಿತವನ್ನೇ ಹಿಡಿದು ಬಾಗುವಿಕೆ ಲೆಕ್ಕ ಹಾಕಿ, ಅದರಿಂದ ಹುಟ್ಟುವ ಹೆಚ್ಚುವರಿ ಬಲವನ್ನು ಸೇರಿಸಿ, ಮತ್ತೆ ಲೆಕ್ಕ ಹಾಕಬೇಕು. ಉತ್ತರ ಒಂದೆಡೆ ನಿಂತರೆ ಗೋಡೆಯೂ ನಿಂತಂತೆ. 1999ರಲ್ಲಿ ಅಮೆರಿಕದ ಕಾಂಕ್ರೀಟ್ ಸಂಹಿತೆ ಈ ವಿಧಾನವನ್ನು ಒಪ್ಪಿಕೊಂಡಿತು. ಬಳಕೆಯ ಭಾರದಲ್ಲಿ ಬಾಗುವಿಕೆ ಎತ್ತರದ 150ರಲ್ಲೊಂದು ಭಾಗ ಮೀರಕೂಡದೆಂದೂ ಗೆರೆ ಎಳೆಯಿತು. ಸೂತ್ರ ಬಾಗುವಿಕೆಯನ್ನು ಕಡಿಮೆ ತೋರಿಸುತ್ತಿದೆ ಎಂದು ಕಂಡಾಗ 2008ರಲ್ಲಿ ತಿದ್ದಿದರು. ಸಂಹಿತೆಯೂ ಕಲಿಯುತ್ತದೆ, ನಿಧಾನವಾಗಿಯಾದರೂ.

ಇದನ್ನು ಓದಿ ನಾಲ್ಕೂವರೆ ಇಂಚಿನ ಗೋಡೆಯನ್ನು ಬೇಕಾದಷ್ಟು ಏರಿಸಬಹುದೆಂದು ಹೊರಡಬೇಡಿ. ಇರ್ವಿಂಡೇಲ್‌ನ ಆ ಗೋಡೆಗಳಿಗೆ ಬುಡದಷ್ಟೇ ತಲೆಗೂ ಆಸರೆಯಿತ್ತು. 1971ರ ಸ್ಯಾನ್ ಫರ್ನಾಂಡೊ ಭೂಕಂಪದಲ್ಲಿ ಚಾವಣಿಯ ಜೋಡಣೆ ಕಿತ್ತುಬಂದಲ್ಲಿ ಇಂಥ ಎತ್ತರದ ಗೋಡೆಗಳು ಹೊರಕ್ಕೆ ಉರುಳಿದ್ದವು.

ನಮ್ಮ ಕಾಂಪೌಂಡ್ ಗೋಡೆಗೆ ಮೇಲೆ ಆಸರೆಯಿಲ್ಲ, ಬಹುಪಾಲು ಒಳಗೆ ಕಂಬಿಯೂ ಇಲ್ಲ. ಭಾರತೀಯ ಮಾನಕ ಐಎಸ್ 1905 ಇಂಥ ಒಂಟಿಗೋಡೆಗೆ ಗಾಳಿಯ ಒತ್ತಡ ಕಡಿಮೆ ಇದ್ದಲ್ಲೂ ದಪ್ಪದ 10 ಪಟ್ಟು ಎತ್ತರವನ್ನಷ್ಟೇ ಒಪ್ಪುತ್ತದೆ. ಒತ್ತಡ ಹೆಚ್ಚಿದಂತೆ ಅದು 4ಕ್ಕೆ ಇಳಿಯುತ್ತದೆ. ನಾಲ್ಕೂವರೆ ಇಂಚಿಗೆ ಲೆಕ್ಕ ಹಾಕಿ ನೋಡಿ: ನಾಲ್ಕಡಿಯೂ ಆಗುವುದಿಲ್ಲ. ಅದಕ್ಕಿಂತ ಎತ್ತರ ಬೇಕಿದ್ದರೆ ನಡುವೆ ಪಿಲ್ಲರ್ ಕೊಡಿಸಿ, ಇಲ್ಲವೇ ಗೋಡೆ ದಪ್ಪ ಮಾಡಿಸಿ. ಇಟ್ಟಿಗೆ ತರಿಸುವ ಮುಂಚೆಯೇ ಎಂಜಿನಿಯರನ್ನು ಕೇಳಿ.