ನೆತ್ತಿಗೆ ಹತ್ತಿದ್ದಲ್ಲ

ಸಂಜೆ ಉರ್ವ ಮಾರುಕಟ್ಟೆಯ ಬದಿ. ಚರುಮುರಿ ತಿನ್ನುತ್ತಿರುವ ತಾಯಿ ಸೊಂಟದ ಮೇಲಿನ ಎರಡು ವರ್ಷದ ಮಗುವಿನ ಬಾಯಿಗೆ ಎರಡು ನೆಲಗಡಲೆ ಹಾಕುತ್ತಾಳೆ. ಮಗು ನಗುತ್ತಾ ನಗುತ್ತಾ ಕೆಮ್ಮಿ ಕೆಂಪಾಗುತ್ತದೆ. “ನೆತ್ತಿಗೆ ಹತ್ತಿತು ಮಗಾ, ಯಾರೋ ನೆನೆಸಿಕೊಂಡರು” ಎಂದು ಅಜ್ಜಿ ನೆತ್ತಿ ತಟ್ಟುತ್ತಾರೆ. ಕೆಮ್ಮು ನಿಲ್ಲುತ್ತದೆ.

ನನಗೆ ಭಯ ಆ ನಿಂತ ಕೆಮ್ಮಿನದೇ. ಕಡಲೆ ನೆತ್ತಿಗೆ ಹೋಗುವುದಿಲ್ಲ, ಶ್ವಾಸನಾಳಕ್ಕೆ ಇಳಿಯುತ್ತದೆ. ಹೆಚ್ಚಾಗಿ ಬಲಗಡೆಗೇ, ಏಕೆಂದರೆ ಆ ಕವಲು ಅಗಲ, ನೇರ. ಅಲ್ಲಿ ಕೂತ ಮೇಲೆ ಕೆಮ್ಮು ಅಡಗಿ, ಮಗು ಆಟಕ್ಕೆ ಮರಳಬಹುದು. ಒಳಗೆ ಮಾತ್ರ ಕಡಲೆ ಪಸೆ ಹೀರಿ ಉಬ್ಬುತ್ತದೆ, ಅದರ ಎಣ್ಣೆ ಸುತ್ತಲಿನ ಪೊರೆಯನ್ನು ಕೆರಳಿಸುತ್ತದೆ. ವಾರ ಕಳೆದು ಜ್ವರ, ಗೊರಗೊರ ಉಸಿರು ಬಂದಾಗ ಮನೆಯವರು ಕಫ ಎಂದುಕೊಳ್ಳುತ್ತಾರೆ.

ಪುಟ್ಟ ಮಕ್ಕಳಿಗೆ ಕಚ್ಚಲು ಮುಂದಿನ ಹಲ್ಲು ಬಂದಿದ್ದರೂ ಅರೆಯುವ ದವಡೆ ಹಲ್ಲು ಪೂರ್ತಿ ಬರಲು ಎರಡೂವರೆ ವರ್ಷವಾದರೂ ಬೇಕು. ಚೆನ್ನಾಗಿ ಅಗಿದು ನುಂಗುವ ರೂಢಿ ಇನ್ನೂ ತಡ. ನಾಣ್ಯ, ಗೋಲಿಗಳನ್ನು ನಾವು ಎತ್ತಿಡುತ್ತೇವೆ. ಅಜ್ಜನ ಎಲೆಯಡಿಕೆ ತಟ್ಟೆಯಿಂದ ಉರುಳಿದ ಅಡಿಕೆ ಹೋಳು, ಹುಣಸೆ ಬೀಜ, ಇಡೀ ದ್ರಾಕ್ಷಿ ಕಣ್ಣಿಗೆ ಬೀಳುವುದೇ ಇಲ್ಲ. ಆಟಿಕೆಗೆ 2021ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ತಿಂಡಿಯ ತುಣುಕಿನ ಗಾತ್ರ ನೋಡಬೇಕಾದವರು ಉಣಿಸುವವರೇ. ಐದು ವರ್ಷದವರೆಗೆ ಕಡಲೆಯನ್ನು ಪುಡಿ ಮಾಡಿಯೇ ಕೊಡಿ, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ. ಆತುರವೂ ಅಪಾಯವೇ: 2022ರ ಜುಲೈಯಲ್ಲಿ ಬೈಂದೂರು ಕಡೆ ಶಾಲೆಗೆ ಹೊರಟಿದ್ದ ಆರು ವರ್ಷದ ಬಾಲಕಿ ಗಂಟಲಲ್ಲಿ ಚಾಕೊಲೇಟ್ ಸಿಕ್ಕಿ ತೀರಿಕೊಂಡಳು.

ಜೋರಾಗಿ ಕೆಮ್ಮುವ ಮಗುವನ್ನು ಕೆಮ್ಮಲು ಬಿಡಿ, ನೀರು ಕುಡಿಸಬೇಡಿ. ದನಿಯೇ ಹೊರಡದೆ ತುಟಿ ನೀಲಿಯಾದರೆ ತಡಮಾಡುವಂತಿಲ್ಲ. ವರ್ಷ ತುಂಬದ ಕೂಸನ್ನು ಮುಂಗೈ ಮೇಲೆ ತಲೆ ತಗ್ಗಿಸಿ ಬೋರಲು ಮಲಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈಯಿಂದ 5 ಸಲ ಬಡಿಯಿರಿ. ಅಂಗಾತ ತಿರುಗಿಸಿ ಎದೆಯ ನಡುವೆ 5 ಸಲ ಒತ್ತಿ. ದೊಡ್ಡ ಮಗುವಾದರೆ ಬೆನ್ನಿಗೆ 5 ಸಲ ಬಡಿದ ಮೇಲೆ ಹಿಂದಿನಿಂದ ತಬ್ಬಿ, ಹೊಕ್ಕುಳ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ 5 ಸಲ ಸೆಳೆಯಿರಿ. ತುಣುಕು ಹೊರಬರುವ ತನಕ ಅಥವಾ ಮಗು ಪ್ರಜ್ಞೆ ತಪ್ಪುವ ತನಕ ಇದನ್ನೇ ಮುಂದುವರಿಸುತ್ತ ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಿ. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಬೇಡಿ. ಅದು ಇನ್ನೂ ಕೆಳಗಿಳಿಯುತ್ತದೆ.

ಕೆಮ್ಮು ತಾನಾಗಿ ನಿಂತ ಮಗುವನ್ನೂ ವೈದ್ಯರಿಗೆ ತೋರಿಸಿ. ಎಕ್ಸ್‌ರೇಯಲ್ಲಿ ನಾಣ್ಯ ಕಾಣುತ್ತದೆ, ಕಡಲೆ ಕಾಣುವುದಿಲ್ಲ. ಶ್ವಾಸನಾಳಕ್ಕೆ ದುರ್ಬೀನು ಇಳಿಸಿ ಅದನ್ನು ತೆಗೆಯಬೇಕೆಂದು ವೈದ್ಯರಿಗೆ ತೋಚುವುದು ಹೆಚ್ಚಾಗಿ ತಾಯಿ ಹೇಳುವ ಒಂದು ಮಾತಿನಿಂದ: “ಅವತ್ತು ಚರುಮುರಿ ತಿನ್ನುವಾಗ ಒಮ್ಮೆ ಜೋರಾಗಿ ಕೆಮ್ಮಿತ್ತು, ಡಾಕ್ಟ್ರೇ.”