ಬಾಟಲಿ ಕಪ್ಪಾದ ಬೆಳಗ್ಗೆ: ಕೊಳವೆಬಾವಿ ನೀರಿನ ಪರೀಕ್ಷೆಯ ಒಂದು ಪಾಠ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಹಳ್ಳಿಯೊಂದರ ಹಿರಿಯ ಪ್ರಾಥಮಿಕ ಶಾಲೆ. ಎಂಟನೇ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ಮಾಡಬೇಕಿತ್ತು. ಗಾಜಿನ ಲೋಟದಲ್ಲಿ ಶಾಲೆಯ ಕೊಳವೆಬಾವಿ ನೀರು ಹಿಡಿದು, "ಇದನ್ನು ಕುಡಿಯಬಹುದೇ?" ಎಂದು ಕೇಳಿದೆ. "ಬೋರ್ ನೀರು ಸರ್, ತಿಳಿಯಾಗಿದೆ, ಕುಡಿಯಬಹುದು" ಎಂದು ಇಡೀ ತರಗತಿ ಹೇಳಿತು. ಈ ನಂಬಿಕೆಯನ್ನು ಪರೀಕ್ಷಿಸುವುದನ್ನೇ ಪಾಠದ ಉದ್ದೇಶವಾಗಿ ಇಟ್ಟುಕೊಂಡೆ.

ಪರೀಕ್ಷೆಯ ತತ್ವ

ನೀರಿಗೆ ಮಲ ಸೇರಿದರೆ ಕಾಲರಾ, ಟೈಫಾಯ್ಡ್, ಕಾಮಾಲೆಯಂಥ ರೋಗಗಳು ಹರಡುತ್ತವೆ. ಪ್ರತಿ ರೋಗಾಣುವನ್ನೂ ಬೇರೆ ಬೇರೆಯಾಗಿ ಹುಡುಕುವುದು ಕಷ್ಟ. ಆದ್ದರಿಂದ ಮಲದೊಂದಿಗೆ ಬರುವ ಸೂಚಕ ಬ್ಯಾಕ್ಟೀರಿಯಾಗಳನ್ನು ಹುಡುಕುತ್ತಾರೆ. ಪ್ರಯೋಗಾಲಯದಲ್ಲಿ ಮುಖ್ಯ ಸೂಚಕ ಇ. ಕೋಲೈ. ಐಎಸ್ 10500 ಮಾನದಂಡದಂತೆ 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಅದು ಪತ್ತೆಯಾಗಲೇಬಾರದು.

ಪ್ರಯೋಗಾಲಯ ದೂರವಿರುವ ಕಡೆ ಹೈಡ್ರೋಜನ್ ಸಲ್ಫೈಡ್ ಬಾಟಲಿ ನೆರವಾಗುತ್ತದೆ. ಮಂಜ, ಮೌರ್ಯ, ರಾವ್ ಎಂಬ ಮೂವರು ಭಾರತೀಯ ವಿಜ್ಞಾನಿಗಳು 1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಬಾಟಲಿಯಲ್ಲಿ ಪೋಷಕಾಂಶ, ಥಯೋಸಲ್ಫೇಟ್ ಮತ್ತು ಕಬ್ಬಿಣದ ಲವಣ ಇರುತ್ತವೆ. ಕರುಳಿನಲ್ಲಿ ವಾಸಿಸುವ ಕೆಲವು ಬ್ಯಾಕ್ಟೀರಿಯಾಗಳು ಥಯೋಸಲ್ಫೇಟಿನಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಉಂಟುಮಾಡುತ್ತವೆ. ಅದು ಕಬ್ಬಿಣದೊಂದಿಗೆ ಸೇರಿ ಕಪ್ಪು ಐರನ್ ಸಲ್ಫೈಡ್ ಆಗುತ್ತದೆ. ಬೆಚ್ಚಗಿನ ಜಾಗದಲ್ಲಿಟ್ಟರೆ ಒಂದೆರಡು ದಿನದೊಳಗೆ ಫಲಿತಾಂಶ ತಿಳಿಯುತ್ತದೆ.

ತರಗತಿಯಲ್ಲಿ ನಡೆದದ್ದು

ಮೂರು ಬಾಟಲಿ ತುಂಬಿಸಿದೆವು: ಬೋರ್ ನೀರು, ಟ್ಯಾಂಕ್ ನಲ್ಲಿಯ ನೀರು, ಕುದಿಸಿ ಆರಿಸಿದ ನೀರು. ಮರುದಿನ ಬೆಳಗ್ಗೆ ಮೊದಲೆರಡು ಕಪ್ಪಾಗಿದ್ದವು, ಮೂರನೆಯದು ಹಾಗೆಯೇ ಇತ್ತು. ಹಿಂದಿನ ವಾರ ಭೇದಿಯಿಂದ ಶಾಲೆ ತಪ್ಪಿಸಿದ್ದ ಹುಡುಗಿಯೊಬ್ಬಳು, "ನಾವು ದಿನಾ ಕುಡಿಯೋದು ಇದೇ ನೀರು ಸರ್" ಎಂದಳು. ನನಗೆ ಮಾತು ಹೊರಡಲಿಲ್ಲ.

ಅದೇ ಗಡಿಬಿಡಿಯಲ್ಲಿ ಕಪ್ಪುಹಲಗೆಯ ಮೇಲೆ "ಕಪ್ಪು ಎಂದರೆ ಇ. ಕೋಲೈ, ಕಪ್ಪಾಗದಿದ್ದರೆ ಸುರಕ್ಷಿತ" ಎಂದು ಬರೆದೆ. ಎರಡೂ ತಪ್ಪು. ಮಾರ್ಗದರ್ಶಕ ಶಿಕ್ಷಕರು ಪಾಠದ ನಂತರ ಅದನ್ನು ತೋರಿಸಿದರು. ಸಾಮಾನ್ಯವಾಗಿ ಇ. ಕೋಲೈ ಈ ಅನಿಲವನ್ನು ಉಂಟುಮಾಡುವುದಿಲ್ಲ. ಸಿಟ್ರೋಬ್ಯಾಕ್ಟರ್, ಸಾಲ್ಮೊನೆಲ್ಲಾ ಮುಂತಾದವು ಮಾಡುತ್ತವೆ. ಅಂತರ್ಜಲದಲ್ಲಿ ಸಹಜವಾಗಿಯೇ ಸಲ್ಫೈಡ್ ಇದ್ದರೂ ಬಾಟಲಿ ಕಪ್ಪಾಗಬಹುದು. ಆಗ ನೀರು ತುಂಬಿದ ಕೂಡಲೇ ಬಣ್ಣ ಬದಲಾಗುತ್ತದೆ. ಇನ್ನು ಫ್ಲೋರೈಡ್, ನೈಟ್ರೇಟ್ ಈ ಬಾಟಲಿಗೆ ಗೊತ್ತೇ ಆಗುವುದಿಲ್ಲ. ಪಾವಗಡದಂಥ ಕಡೆ ಇದನ್ನು ಮರೆಯುವಂತಿಲ್ಲ.

ಮಾರನೇ ದಿನ ಮಕ್ಕಳೆದುರು ನನ್ನ ತಪ್ಪನ್ನು ಒಪ್ಪಿಕೊಂಡು, ಹಲಗೆಯ ಮೇಲೆ ಹೀಗೆ ಬರೆದೆ: "ಕಪ್ಪಾದರೆ ಎಚ್ಚರಿಕೆ, ಪ್ರಯೋಗಾಲಯಕ್ಕೆ ಕಳಿಸು. ಕಪ್ಪಾಗದಿದ್ದರೆ ಮತ್ತೆ ಪರೀಕ್ಷಿಸು."

ನಂತರ ಮಕ್ಕಳು ಶಾಲೆಯ ಆವರಣದ ನಕ್ಷೆ ಬರೆದರು. ಬೋರ್ ಸುತ್ತಲಿನ ಕಟ್ಟೆ ಬಿರುಕು ಬಿಟ್ಟು ಪಕ್ಕದಲ್ಲೇ ನೀರು ನಿಂತಿತ್ತು. ಶೌಚಾಲಯದ ಗುಂಡಿ ಎತ್ತರದ ಬದಿಯಲ್ಲಿತ್ತು. ಗಟ್ಟಿ ಕಲ್ಲಿನ ನೆಲದಲ್ಲಿ ಬಿರುಕುಗಳ ಮೂಲಕ ಕೊಳೆ ಹೆಚ್ಚು ಸೋಸದೆಯೇ ಕೆಳಗಿಳಿಯುತ್ತದೆ ಎಂಬುದು ಆಗ ಅವರಿಗೆ ಅರ್ಥವಾಯಿತು. ಮುಖ್ಯೋಪಾಧ್ಯಾಯರು ಆ ದಿನದಿಂದಲೇ ಕುಡಿಯುವ ನೀರನ್ನು ಬಿಸಿಯೂಟದ ಅಡುಗೆಮನೆಯಲ್ಲಿ ಕುದಿಸಲು ಹೇಳಿದರು, ಪಂಚಾಯಿತಿಗೆ ಪತ್ರ ಬರೆದರು.

ಇದಕ್ಕಿಂತ ಬೇಗ ತಿಳಿಯಬಹುದೇ?

ಒಬ್ಬ ಹುಡುಗ ಇದನ್ನು ಕೇಳಿದ. ಉತ್ತರ: ಹೌದು. ಮಲ ಸೇರಿದ ನೀರಿನ ಮೇಲೆ ಸುಮಾರು 280 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಬೆಳಕು ಬಿಟ್ಟರೆ, ಟ್ರಿಪ್ಟೊಫ್ಯಾನ್‌ನಂಥ ವಸ್ತುಗಳು ಸುಮಾರು 350 ನ್ಯಾನೋಮೀಟರಿನಲ್ಲಿ ಹೊಳೆಯುತ್ತವೆ. ಉಪಕರಣ ಇದನ್ನು ಕೆಲವೇ ಕ್ಷಣಗಳಲ್ಲಿ ಅಳೆಯುತ್ತದೆ. ಆದರೆ ಅದು ದುಬಾರಿ, ಮತ್ತು ಅದೂ ಕೊಡುವುದು ಸೂಚನೆಯನ್ನಷ್ಟೇ.

ಸಹಪಾಠಿಗಳಿಗೆ ಸೂಚನೆ

ಕುದಿಸಿದ ನೀರಿನ ಬಾಟಲಿಯನ್ನು ಬಿಡಬೇಡಿ, ಹೋಲಿಕೆಯಿಲ್ಲದೆ ಪ್ರಯೋಗವಿಲ್ಲ. ಕಪ್ಪಾದ ಬಾಟಲಿಯನ್ನು ಮಕ್ಕಳ ಕೈಗೆ ಕೊಡಬೇಡಿ. ಬ್ಲೀಚಿಂಗ್ ಪೌಡರ್ ದ್ರಾವಣ ಹಾಕಿದ ನಂತರವೇ ಚೆಲ್ಲಿ. ಫಲಿತಾಂಶ ಬರುವ ಮೊದಲೇ ಮುಖ್ಯೋಪಾಧ್ಯಾಯರೊಂದಿಗೆ ಮಾತಾಡಿಕೊಳ್ಳಿ. ಪಾಠ ನಲವತ್ತು ನಿಮಿಷಕ್ಕೆ ಮುಗಿಯುತ್ತದೆ. ಮಕ್ಕಳಿಗೆ ಬಾಯಾರಿಕೆ ಮರುದಿನವೂ ಆಗುತ್ತದೆ.