ಅಂಗಳದ ಗಿಡಕ್ಕೆ ಬೊಗಸೆ ಯೂರಿಯಾ: ಹಸಿವೇ ಬೇರೆ, ಊಟವೇ ಬೇರೆ!

ಬಿಸಿಲು ನಲವತ್ತು ಡಿಗ್ರಿ ದಾಟಿತೆಂದರೆ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಮನುಷ್ಯರಿಗೂ ದನಕ್ಕೂ ಒಂದೇ ಆಸರೆ. ಅದು ಮನೆ ಮುಂದಿನ ಗಿಡದ ನೆರಳು. ಬೇವು, ಹೊಂಗೆ, ಹುಣಸೆ, ಮಾವು, ಚಿಕ್ಕು ಬಹುತೇಕ ವರ್ಷವಿಡೀ ಹಸಿರಾಗಿರುವ ಗಿಡಗಳು. ಅವಕ್ಕೆ ಆರೈಕೆ ಯಾತಕ್ಕೆ ಎಂದು ಸುಮ್ಮನಿರುವ ಮಂದಿ ಎಲೆ ಹಳದಿಯಾದಾಗ ಗಾಬರಿಯಾಗುತ್ತಾರೆ. "ಎಲಿ ಎಲ್ಲಾ ಹಳದಿ ಬೀಳ್ಲತ್ತಾವ್ರಿ, ಒಂದು ಬೊಗಸಿ ಯೂರಿಯಾ ಒಗದೀವಿ" ಎಂಬ ಮಾತು ಮಾಮೂಲು. ಗಿಡಕ್ಕೆ ಕುತ್ತು ಶುರುವಾಗುವುದು ಇಲ್ಲಿಂದಲೇ.

ಹಳದಿಯಲ್ಲೂ ಎರಡು ಬಗೆ. ಹಳೆಯ ಎಲೆ ಹಳದಿಯಾಗಿ ಉದುರಿದರೆ ಚಿಂತೆ ಬೇಡ. ಯುಗಾದಿಯ ಮುಂಚೆ ಬೇವು ಎಲೆ ಉದುರಿಸಿ ಚಿಗುರುವುದಿಲ್ಲವೇ, ಹಾಗೆಯೇ. ಆದರೆ ಹೊಸ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ನಮ್ಮ ಎರೆ ನೆಲದಲ್ಲಿ ಸುಣ್ಣದ ಅಂಶ ಹೆಚ್ಚು. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಯೂರಿಯಾದಲ್ಲಿ ಇರುವುದು ಶೇ. 46 ಸಾರಜನಕ, ಕಬ್ಬಿಣ ಚೂರೂ ಇಲ್ಲ. ಹಸಿವು ಒಂದಾದರೆ ಊಟ ಇನ್ನೊಂದು! ಚಿಕ್ಕ ಗಿಡವಾದರೆ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ ಕಲಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಬಹುದು. ಸಂಶಯವಿದ್ದರೆ ಮಣ್ಣು ಪರೀಕ್ಷೆ ಮಾಡಿಸುವುದೇ ಲೇಸು.

ಇನ್ನು ಗೊಬ್ಬರ ಹಾಕುವ ಜಾಗ. ಜನ ಬೊಡ್ಡೆಗೇ ಸುರಿಯುತ್ತಾರೆ. ಆದರೆ ಉಣ್ಣುವ ಸಣ್ಣ ಬೇರುಗಳು ಹೆಚ್ಚಾಗಿರುವುದು ಟೊಂಗೆ ಚಾಚಿದಷ್ಟು ದೂರದಲ್ಲಿ. ಮೇ ತಿಂಗಳ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆಗ ನೆರಳು ಎಲ್ಲಿ ಮುಗಿಯುತ್ತದೋ ಅಲ್ಲಿ ಒಂದು ಸುತ್ತು ಗುರುತು ಮಾಡಿಟ್ಟುಕೊಳ್ಳಿ. ಮಿರಗದ ಮಳೆ ಎರಡು ಬಿದ್ದ ಮೇಲೆ ಆ ಗುರುತಿನಲ್ಲಿ ಗೇಣುದ್ದ ಕೆದರಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಎರಡು-ಮೂರು ಬುಟ್ಟಿ ಹಾಕಿ ಮಣ್ಣು ಮುಚ್ಚಿದರೆ ವರ್ಷದ ಊಟವಾಯಿತು. ದೊಡ್ಡ ಬೇವು, ಹುಣಸೆಗೆ ಚೀಲದ ಗೊಬ್ಬರವೇ ಬೇಡ. ಉರಿ ಬೇಸಿಗೆಯಲ್ಲಿ ಒಣ ನೆಲಕ್ಕೆ ಯೂರಿಯಾ ಒಗೆದರೆ ಅರ್ಧ ಗಾಳಿಗೆ ಹೋದೀತು, ಉಳಿದದ್ದು ಬೇರು ಸುಟ್ಟೀತು.

ಈಗ ಹೊಸ ಕಾಟವೊಂದಿದೆ. ಅಂಗಳ ಚೆಂದ ಕಾಣಲೆಂದು ಬೊಡ್ಡೆಯವರೆಗೂ ಶಹಾಬಾದ್ ಕಲ್ಲು, ಸಿಮೆಂಟು! ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಕಟ್ಟೆ ಕಟ್ಟುವವರು ಬೊಡ್ಡೆಗೆ ಮಣ್ಣು ಏರಿಸಿ ತೊಗಟೆ ಕೊಳೆಸುತ್ತಾರೆ. ಸುತ್ತ ಮೂರು-ನಾಲ್ಕು ಅಡಿಯಾದರೂ ಬರಿ ನೆಲ ಬಿಡಬಾರದೇ ಸ್ವಾಮಿ?

ನೀರಿನ ಮಾತೂ ಅಷ್ಟೇ. ಎಳೆ ಗಿಡಕ್ಕೆ ದಿನಾ ಒಂದು ಚೊಂಬು ಹುಯ್ದರೆ ಮೇಲ್ಮಣ್ಣು ಮಾತ್ರ ನೆನೆಯುತ್ತದೆ. ಎಂಟು-ಹತ್ತು ದಿನಕ್ಕೊಮ್ಮೆ ನಾಲ್ಕೈದು ಕೊಡ ನಿಧಾನವಾಗಿ ಉಣಿಸಬೇಕು. ಬೇಸಿಗೆಗೆ ಎರೆ ನೆಲ ಬಿರಿದು ಬೇರು ಹರಿಯುತ್ತದೆ. ಅದಕ್ಕೆ ತೊಗರಿ ಹೊಟ್ಟು, ಕಬ್ಬಿನ ರವದಿ ಹಾಸುವುದು ಒಳ್ಳೆಯದು. ಇವೆರಡಕ್ಕೂ ಈ ಭಾಗದಲ್ಲಿ ಬರವಿಲ್ಲ. ಗೆದ್ದಲು ಹತ್ತದಂತೆ ಬೊಡ್ಡೆಯಿಂದ ಗೇಣು ದೂರವಿರಲಿ.

2021ರಲ್ಲಿ ಪಕ್ಕದ ತೆಲಂಗಾಣದಲ್ಲಿ ಬೇವಿನ ಗಿಡಗಳ ತುದಿ ಸುಟ್ಟಂತೆ ಒಣಗಿದಾಗ ಜನ ಬೆಚ್ಚಿದ್ದರು. ವಿಜ್ಞಾನಿಗಳು ಶಿಲೀಂಧ್ರ ರೋಗವೆಂದರು. ಅದಕ್ಕೆ ಗೊಬ್ಬರ ಮದ್ದಾಗದು. ರೋಗದ ಟೊಂಗೆ ಕತ್ತರಿಸಿ ಸುಡಬೇಕು. ಗಿಡವನ್ನೇ ಕಡಿಯುವ ಆತುರ ಬೇಡ, ಒಣಗಿದ ಅನೇಕ ಗಿಡಗಳು ಮತ್ತೆ ಚಿಗುರಿದವು.

ರೋಗವಿಲ್ಲದ ಎಲೆಯನ್ನು ಮಾತ್ರ ಸುಡಬೇಡಿ. ಬೆಳಗಾದರೆ ಗುಡಿಸಿ ಬೆಂಕಿ ಇಡುವ ಆ ಕಸವೇ ಗಿಡದ ಬುತ್ತಿ. ಬುತ್ತಿ ಸುಟ್ಟು ಪೇಟೆಯಿಂದ ಗೊಬ್ಬರ ತರುವುದು ಯಾವ ಲೆಕ್ಕದ ಜಾಣತನ?